‘ವೌಚ್’ ಎಂಬ ಕ್ರಿಯಾಪದದ ಮೂಲ ಮತ್ತು ಕನ್ನಡದಲ್ಲಿ ಅದರ ಅರ್ಥ

ಒಬ್ಬರ ಬಗ್ಗೆ ಅಥವಾ ಒಂದು ಸಂಗತಿಯ ಬಗ್ಗೆ ತನ್ನ ಮಾತಿನ ಖಾತ್ರಿ ಕೊಡುವುದನ್ನು ಸೂಚಿಸುವ ಇಂಗ್ಲಿಷಿನ ‘ವೌಚ್ ಫಾರ್’ ಎಂಬುದನ್ನು ‘ಜಾಮೀನು ನಿಲ್ಲು’ ಎಂದು ಕನ್ನಡಿಸುವುದು ಸರಿಯೇ ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಆ ಕ್ರಿಯಾಪದದ ಹುಟ್ಟನ್ನು ನೋಡಬೇಕಾಗುತ್ತದೆ. ಏಕೆಂದರೆ ಅದರ ಮೂಲದಲ್ಲಿ ಭರವಸೆಯೂ ಇಲ್ಲ, ಹೊಣೆಯೂ ಇಲ್ಲ, ಇರುವುದು ‘ಕರೆ’ ಎಂಬ ಅರ್ಥ ಮಾತ್ರ.

ಲ್ಯಾಟಿನ್ನಿನ ‘ವೊಕಾರೆ’, ಅಂದರೆ ಕರೆಯುವುದು, ಹಳೆಯ ಫ್ರೆಂಚಿನ ಮೂಲಕ ಇಂಗ್ಲೆಂಡಿನ ನ್ಯಾಯಾಲಯಗಳ ಭಾಷೆಗೆ ಬಂದಿತು. ಒಬ್ಬನು ಅನುಭವಿಸುತ್ತಿರುವ ಭೂಮಿಯ ಮೇಲೆ ಮತ್ತೊಬ್ಬನು ಹಕ್ಕು ಸಾಧಿಸಲು ದಾವೆ ಹೂಡಿದಾಗ, ಪ್ರತಿವಾದಿಯು ಆ ಭೂಮಿಯನ್ನು ತನಗೆ ಹಕ್ಕಿನ ಖಾತ್ರಿಯೊಡನೆ ಕೊಟ್ಟವನನ್ನೇ ನ್ಯಾಯಾಲಯಕ್ಕೆ ಕರೆಸಿ, ಅವನಿಂದಲೇ ಆ ಹಕ್ಕನ್ನು ಸಮರ್ಥಿಸಿಕೊಳ್ಳಬಹುದಾಗಿತ್ತು. ಹಾಗೆ ಕರೆಸುವ ಕ್ರಿಯೆಯೇ ‘ವೌಚ್’. ಈ ಕ್ರಮ ಕಾಲಾಂತರದಲ್ಲಿ ಒಂದು ನಾಟಕಕ್ಕೂ ದಾರಿಯಾಯಿತು. ವಂಶಪಾರಂಪರ್ಯಕ್ಕೆ ಕಟ್ಟುಬಿದ್ದ ಜಮೀನನ್ನು ಬಿಡಿಸಿಕೊಳ್ಳಲು ಎರಡೂ ಪಕ್ಷದವರು ಮೊದಲೇ ಒಪ್ಪಿಕೊಂಡು ಹೂಡುತ್ತಿದ್ದ ದಾವೆಗಳಲ್ಲಿ, ಸ್ವಂತ ಭೂಮಿಯೇ ಇಲ್ಲದ ನ್ಯಾಯಾಲಯದ ಕೂಗುಗಾರನನ್ನು ಖಾತ್ರಿದಾರನೆಂದು ಕರೆಸುತ್ತಿದ್ದರು. ಅವನು ಹಾಜರಾಗಿ ಮರೆಯಾಗುತ್ತಿದ್ದನು, ತೀರ್ಪು ಬೇಕಾದಂತೆ ಬರುತ್ತಿತ್ತು. 1833ರ ಕಾಯಿದೆ ಈ ಪದ್ಧತಿಯನ್ನು ಕೊನೆಗೊಳಿಸಿತು. ಭರವಸೆಯ ಪದವೊಂದು ಇಷ್ಟು ಪೊಳ್ಳು ಭರವಸೆಗೂ ಬಳಕೆಯಾದದ್ದು ಸ್ವಾರಸ್ಯಕರ.

ಅರ್ಥಪಲ್ಲಟ ನಡೆದದ್ದು ಹೀಗೆ: ಮೊದಲು ಒಬ್ಬನನ್ನು ಖಾತ್ರಿಗಾಗಿ ಕರೆಸುವುದು, ಅನಂತರ ಒಂದು ಗ್ರಂಥವನ್ನೋ ದಾಖಲೆಯನ್ನೋ ಆಧಾರವಾಗಿ ಮುಂದಿಡುವುದು, ಕೊನೆಗೆ ತಾನೇ ಆಧಾರವಾಗಿ ನಿಂತು ಹೇಳುವುದು. ಕರೆಯುವವನು ಕರೆಯಲ್ಪಟ್ಟವನ ಜಾಗಕ್ಕೆ ಬಂದನು. ನಡುವಿನ ಅರ್ಥ ಲೆಕ್ಕಪರಿಶೋಧಕರಲ್ಲಿ ಇಂದಿಗೂ ಉಳಿದಿದೆ. ಲೆಕ್ಕದ ಪ್ರತಿ ನಮೂದನ್ನೂ ಅದರ ‘ವೋಚರ್’ ಜೊತೆಗೆ ತಾಳೆ ನೋಡುವುದನ್ನು ಅವರು ‘ವೌಚಿಂಗ್’ ಎನ್ನುತ್ತಾರೆ.

‘ವೋಕಲ್’, ‘ಅಡ್ವೊಕೇಟ್’ ಪದಗಳು ಇದೇ ಮೂಲದವು. ‘ವೌ’, ಅಂದರೆ ಶಪಥ, ಸದ್ದಿನಲ್ಲಿ ಹತ್ತಿರವಾದರೂ ಬೇರೊಂದು ಲ್ಯಾಟಿನ್ ಧಾತುವಿನಿಂದ ಬಂದದ್ದು. ಸಂಸ್ಕೃತದ ‘ವಾಕ್’, ‘ವಚನ’ಗಳು ಮಾತ್ರ ಮೂಲ ಇಂಡೋ-ಯುರೋಪಿಯನ್ ಧಾತುವಿನ ಮಟ್ಟದಲ್ಲಿ ‘ವೊಕಾರೆ’ಯ ಬಂಧುಗಳೇ, ಆದ್ದರಿಂದ ನಾವು ‘ವಚನ ಕೊಟ್ಟೆ’ ಎನ್ನುವಾಗ ದೂರದ ನೆಂಟಸ್ತಿಕೆಯೊಂದು ನಮಗೆ ತಿಳಿಯದೆಯೇ ಮಾತಿನಲ್ಲಿ ಸೇರಿರುತ್ತದೆ.

ಇನ್ನು ಪ್ರಯೋಗದ ವಿಷಯ. ಅರಬ್ಬಿ ಮೂಲದ ‘ಜಾಮೀನು’ ಇಂದು ಕಾನೂನು ಮತ್ತು ಹಣದ ಬಾಧ್ಯತೆಯನ್ನು ಸೂಚಿಸುತ್ತದೆ. ಅದು ‘ಗ್ಯಾರಂಟಿ’ಗೆ ಹತ್ತಿರ. ‘ವೌಚ್’ ಮಾಡುವವನು ಪಣಕ್ಕಿಡುವುದು ತನ್ನ ನೇರ ಅರಿವನ್ನು ಮತ್ತು ಮಾತಿನ ತೂಕವನ್ನು. ವ್ಯಕ್ತಿಯ ವಿಷಯದಲ್ಲಿ ‘ಅವರ ಪ್ರಾಮಾಣಿಕತೆಗೆ ನಾನು ಹೊಣೆ’ ಎಂಬುದು ನನಗೆ ಒಪ್ಪಿಗೆಯಾಗುತ್ತದೆ. ಹಳಗನ್ನಡದ ‘ಪೊಣೆ’ಯಿಂದ ಬಂದ ಈ ‘ಹೊಣೆ’ಯಲ್ಲಿ ವ್ಯಕ್ತಿ ತಾನೇ ಮುಂದೆ ನಿಲ್ಲುವ ಭಾವವಿದೆ. ಸಂಗತಿಯ ವಿಷಯದಲ್ಲಿ ‘ಇದು ನಿಜವೆಂದು ನಾನು ಬಲ್ಲೆ’ ಎಂದರೆ ಸಾಕು. ತೊಡಕಿರುವುದು ‘ಐ ಕಾಂಟ್ ವೌಚ್ ಫಾರ್ ಇಟ್’ ಎಂಬಂಥ ನಿಷೇಧರೂಪದಲ್ಲಿ. ಆ ರೂಪವನ್ನು ‘ಇದಕ್ಕೆ ನಾನು ಹೊಣೆಯಲ್ಲ’ ಎಂದು ಅನುವಾದಿಸಿದರೆ ಕೈತೊಳೆದುಕೊಳ್ಳುವ ಮಾತಾಗುತ್ತದೆ, ಮೂಲದಲ್ಲಿ ಹೇಳುವವನ ಆಶಯವಾದರೋ ಬಹುಮಟ್ಟಿಗೆ ‘ಇದು ನಾನು ಸ್ವತಃ ಕಂಡು ತಿಳಿದದ್ದಲ್ಲ’ ಎಂಬುದಷ್ಟೇ ಆಗಿರುತ್ತದೆ.