ವೈಟ್ಸ್ ಮರಗಪ್ಪೆ ತಿನ್ನುತ್ತಿಲ್ಲ, ಮೈ ಕಂದಾಗಿದೆ: ಬಿಸಿ ದೀಪ ಹಾಕಿದರೆ ಸಾಕೇ?

ಪ್ರಶ್ನೆ
ಬೆಳೆದ ಕಪ್ಪೆ, ಒಂದೇ ಇದೆ. ತೊಟ್ಟಿ 45×45×60 ಸೆಂ.ಮೀ., ಗಾಜಿನ ಮುಚ್ಚಳ, ತಳದಲ್ಲಿ ಸಣ್ಣ ಜಲ್ಲಿ. ದಿನಕ್ಕೆ ಮೂರು ಸಲ ನೀರು ಸಿಂಪಡಿಸುತ್ತೇನೆ. ತೇವಾಂಶ ಶೇ. 90, ಹಗಲಿನ ಉಷ್ಣಾಂಶ 21 ಡಿಗ್ರಿ. ಒಂದು ವಾರದಿಂದ ಕ್ರಿಕೆಟ್ ಹುಳ ಮುಟ್ಟಿಲ್ಲ.

ಉತ್ತರ 1
ದೀಪ ಬೇಕು, ಆದರೆ ಮೊದಲು ಆ ಮುಚ್ಚಳ ತೆಗೆಯಿರಿ. ಇದು ಆಸ್ಟ್ರೇಲಿಯಾ, ನ್ಯೂಗಿನಿ ಕಡೆಯ ಕಪ್ಪೆ, ಒಣ ತಿಂಗಳುಗಳನ್ನು ತಡೆದುಕೊಳ್ಳುವ ಚರ್ಮ ಇದಕ್ಕಿದೆ. ಗಾಳಿಯಾಡದೆ ಸದಾ ಒದ್ದೆ ಇದ್ದರೆ ಆ ಚರ್ಮಕ್ಕೇ ಸೋಂಕು ತಗಲುತ್ತದೆ. ಜಾಲರಿ ಮುಚ್ಚಳ ಹಾಕಿ, ಸಂಜೆ ಒಮ್ಮೆ ಮಾತ್ರ ಸಿಂಪಡಿಸಿ; ಬೆಳಿಗ್ಗೆ ಗಾಜು ಒಣಗಿರಬೇಕು. ತೇವಾಂಶ 50–60 ಸಾಕು. ದೀಪದ ಕೆಳಗಿನ ಕೊಂಬೆಯಲ್ಲಿ 28–29, ಉಳಿದೆಡೆ 24–26, ರಾತ್ರಿ 18ಕ್ಕಿಂತ ಕೆಳಗೆ ಬೇಡ. ದೀಪ ಜಾಲರಿಯ ಹೊರಗಿರಲಿ, ಬಿಸಿಯನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ಇರಲಿ. ಒಳಗಿಟ್ಟರೆ ಹಾರಿ ಅದಕ್ಕೇ ಅಂಟಿಕೊಂಡು ಸುಟ್ಟುಕೊಳ್ಳುತ್ತದೆ. ಚಳಿಯಾದರೆ ಮೈ ಕಂದಾಗುವುದು, ಹಸಿವು ಕುಗ್ಗುವುದು ಎರಡೂ ಸಹಜ.

ಉತ್ತರ 2
ಪೂರ್ತಿ ಜಾಲರಿಯಾದರೆ ದೀಪದ ಬಿಸಿಗೆ ತೊಟ್ಟಿ ಬೇಗ ಒಣಗಿಬಿಡುತ್ತದೆ. ಅರ್ಧ ಭಾಗಕ್ಕೆ ಗಾಜು ಮುಚ್ಚಿ ತೇವಾಂಶದ ಮೀಟರ್ ನೋಡಿಕೊಳ್ಳಿ.

ನನಗೆ ಹೆಚ್ಚು ಅನುಮಾನ ಜಲ್ಲಿಯ ಮೇಲೆ. ಹುಳದ ಜೊತೆ ಕಲ್ಲು ನುಂಗಿದರೆ ಕರುಳು ಕಟ್ಟುತ್ತದೆ. ಮಲ ಹಾಕುತ್ತಿದೆಯೇ? ಸದ್ಯಕ್ಕೆ ತಳಕ್ಕೆ ಒದ್ದೆ ಟಿಶ್ಯೂ ಪೇಪರ್ ಹಾಸಿ ದಿನವೂ ಬದಲಿಸಿ, ಮಲ ಬಿದ್ದರೆ ತಕ್ಷಣ ಗೊತ್ತಾಗುತ್ತದೆ. ತೊಡೆಯ ಒಳಭಾಗ, ಹೊಟ್ಟೆ ಕೆಂಪಾಗಿದೆಯೇ ಎಂದೂ ನೋಡಿ. ಕೆಂಪಿದ್ದರೆ ಬ್ಯಾಕ್ಟೀರಿಯಾ ಸೋಂಕು ಇರಬಹುದು, ಅಂದೇ ಪಶುವೈದ್ಯರ ಹತ್ತಿರ ಹೋಗಿ. ಎತ್ತುವಾಗ ಪುಡಿಯಿಲ್ಲದ ಕೈಗವಸು ಹಾಕಿ, ಅದನ್ನೂ ಒದ್ದೆ ಮಾಡಿಕೊಳ್ಳಿ.

ಪ್ರಶ್ನೆ ಕೇಳಿದವರು
ಕೆಂಪಿಲ್ಲ. ಆದರೆ ಮಲ ಐದು ದಿನದಿಂದ ಕಂಡಿಲ್ಲ. ಕುಡಿಯುವ ನಲ್ಲಿ ನೀರನ್ನು ಒಂದು ದಿನ ತೆರೆದಿಟ್ಟು ಆಮೇಲೆ ಬಟ್ಟಲಿಗೆ ಹಾಕುತ್ತೇನೆ.

ಉತ್ತರ 2
ಜಲ್ಲಿ ಇವತ್ತೇ ತೆಗೆಯಿರಿ. 25–26 ಡಿಗ್ರಿಯ ನೀರು ಕಾಲು ಮುಳುಗುವಷ್ಟು ಹಾಕಿ 15 ನಿಮಿಷ ಕೂರಿಸಿ. ಎರಡು ದಿನದಲ್ಲಿ ಮಲ ಬರದಿದ್ದರೆ, ಅಥವಾ ಹೊಟ್ಟೆ ಉಬ್ಬಿದ್ದರೆ ಅದಕ್ಕೂ ಮೊದಲೇ, ಎಕ್ಸ್‌ರೇ ಮಾಡಿಸಿ. ಒತ್ತಾಯದಿಂದ ತಿನ್ನಿಸಬೇಡಿ, ಕಟ್ಟಿದ ಕರುಳಿಗೆ ಅದು ಇನ್ನಷ್ಟು ಭಾರ.

ಉತ್ತರ 3
ನೀರು ತೆರೆದಿಟ್ಟರೆ ಕ್ಲೋರಿನ್ ಹಾರುತ್ತದೆ, ಅದರಂತೆಯೇ ನೀರಿನ ಶುದ್ಧೀಕರಣಕ್ಕೆ ಬಳಸುವ ಕ್ಲೋರಮೈನ್ ಹಾರುವುದಿಲ್ಲ. ಅಕ್ವೇರಿಯಂಗೆ ಬಳಸುವ ವಾಟರ್ ಕಂಡಿಷನರ್ ಹಾಕಿ. ಕಪ್ಪೆ ನೀರನ್ನು ಚರ್ಮದಿಂದಲೇ ಹೀರುವುದರಿಂದ ಬಟ್ಟಲನ್ನು ದಿನವೂ ತೊಳೆಯಬೇಕು, ಸೋಪು ಹಾಕದೆ.

ಮತ್ತೆ ತಿನ್ನಲು ಶುರುಮಾಡಿದ ಮೇಲೆ ವಾರಕ್ಕೆ ಎರಡು–ಮೂರು ಸಲ, ಕಪ್ಪೆಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ಉದ್ದವಿಲ್ಲದ ಹುಳ ನಾಲ್ಕೈದು ಕೊಡಿ, ಕ್ಯಾಲ್ಸಿಯಂ ಪುಡಿ ಸವರಿ. ಉಳಿದ ಹುಳ ರಾತ್ರಿ ತೊಟ್ಟಿಯಲ್ಲಿ ಬಿಡಬೇಡಿ, ಕಪ್ಪೆಯ ಚರ್ಮವನ್ನೇ ಕಚ್ಚುತ್ತವೆ. ಕಣ್ಣಿನ ಮೇಲಿನ ಮಡಿಕೆ ಜೋತು ಕಣ್ಣು ಮುಚ್ಚತೊಡಗಿದರೆ ಕೊಬ್ಬು ಹೆಚ್ಚಿದೆ ಎಂದು ತಿಳಿದು ಊಟ ಕಡಿಮೆ ಮಾಡಿ. ಈ ಜಾತಿ ಎಷ್ಟು ಕೊಟ್ಟರೂ ತಿನ್ನುತ್ತದೆ, ಅದಕ್ಕೇ ಊಟ ಬಿಟ್ಟಾಗ ಹಗುರವಾಗಿ ತೆಗೆದುಕೊಳ್ಳಬಾರದು.