ಜಾವಾಸ್ಕ್ರಿಪ್ಟ್ ರೆಜೆಕ್ಸ್: ಕನ್ನಡ ಪದವನ್ನು ಎಣಿಸಿದರೆ ಲೆಕ್ಕ ತಪ್ಪುತ್ತಿದೆ

ಶಾಲೆಟೀಚರ್

ನಮಸ್ಕಾರ. ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಮಕ್ಕಳ ಪ್ರಬಂಧದಲ್ಲಿ ಒಂದೇ ಪದ ಎಷ್ಟು ಸಲ ಬಂದಿದೆ ಎಂದು ತೋರಿಸುವ ಪುಟ್ಟ ವೆಬ್ ಪುಟ ಬರೆಯುತ್ತಿದ್ದೇನೆ. ಪದ ಹುಡುಕಲು ಜಾವಾಸ್ಕ್ರಿಪ್ಟಿನ ರೆಜೆಕ್ಸ್ (ಪಠ್ಯದಲ್ಲಿ ಹುಡುಕುವ ಮಾದರಿ) ಬಳಸಿದ್ದೇನೆ. ಪರೀಕ್ಷೆಗೆ ಇಟ್ಟುಕೊಂಡ ಸಾಲು:

ಮರ ಮರ ಹಾರಿದ ಮರಿಕೋತಿ ಚಾಮರಾಜನಗರದ ಮರ ಸೇರಿತು

‘ಮರ’ ಪದಕ್ಕೆ ಬರಬೇಕಾದ ಉತ್ತರ 3. ಬರೀ /ಮರ/ ಕೊಟ್ಟು ಜಿ ಫ್ಲ್ಯಾಗ್ (ಸಿಕ್ಕಿದ್ದೆಲ್ಲವನ್ನೂ ಹುಡುಕುವ ಸೂಚನೆ) ಹಾಕಿದರೆ 5 ಬರುತ್ತದೆ. ಮರಿಕೋತಿಯೂ ಚಾಮರಾಜನಗರವೂ ಸೇರಿಕೊಳ್ಳುತ್ತವೆ. ಎರಡೂ ಬದಿಗೆ ಬ್ಯಾಕ್‌ಸ್ಲ್ಯಾಶ್ ಬಿ (ಪದದ ಗಡಿಯ ಗುರುತು) ಹಾಕಿದರೆ ಒಂದೂ ಸಿಗುವುದಿಲ್ಲ, ಲೆಂಗ್ತ್ (ಎಷ್ಟು ಸಿಕ್ಕವು ಎಂಬ ಸಂಖ್ಯೆ) ಕೇಳುವ ಸಾಲಿನಲ್ಲಿ ಎರರ್ ಬರುತ್ತದೆ. ಯು ಫ್ಲ್ಯಾಗ್ (ಎಲ್ಲ ಲಿಪಿಗಳ ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್ ಪ್ರಕಾರ ಓದುವ ಸೂಚನೆ) ಸೇರಿಸಿದರೂ ಅಷ್ಟೇ. ಕೊನೆಗೆ ಪದದ ಹಿಂದೆ ಮುಂದೆ ಖಾಲಿ ಜಾಗ ಇರಲೇಬೇಕು (ಅಥವಾ ಸಾಲಿನ ತುದಿ) ಎಂದು ಬರೆದೆ. ಆಗ 2! ಎರಡು ಸಂಜೆ ಇದರಲ್ಲೇ ಕಳೆದೆ.

ಕೋಡುಬಳಗ

ಟೀಚರ್, ತಪ್ಪು ನಿಮ್ಮದಲ್ಲ. ಬ್ಯಾಕ್‌ಸ್ಲ್ಯಾಶ್ ಬಿ ಗುರುತಿಸುವ ‘ಪದದ ಅಕ್ಷರ’ ಎಂದರೆ ಇಂಗ್ಲಿಷಿನ 26 ಅಕ್ಷರಗಳು (ದೊಡ್ಡವು, ಚಿಕ್ಕವು), 0ರಿಂದ 9, ಅಂಡರ್‌ಸ್ಕೋರ್. ಅದರ ಕಣ್ಣಿಗೆ ನಮ್ಮ ‘ಮ’ ಕೂಡ ಖಾಲಿ ಜಾಗದಂತೆಯೇ, ಹಾಗಾಗಿ ಗಡಿಯೇ ಕಾಣುವುದಿಲ್ಲ. ಏನೂ ಸಿಗದಿದ್ದಾಗ ಮ್ಯಾಚ್ (ಹುಡುಕುವ ಆಜ್ಞೆ) ಕೊಡುವುದು ಖಾಲಿ ಪಟ್ಟಿಯಲ್ಲ, ನಲ್ (‘ಏನೂ ಇಲ್ಲ’ ಎಂಬ ಬೆಲೆ). ನಲ್‌ಗೆ ಲೆಂಗ್ತ್ ಇಲ್ಲ, ಅದಕ್ಕೇ ಎರರ್. ಮೊದಲು ನಲ್ ಆಗಿದೆಯೇ ನೋಡಿ, ಆಗಿದ್ದರೆ 0 ಎಂದು ತೋರಿಸಿ.

2 ಬಂದದ್ದಕ್ಕೆ ‘ಮರ ಮರ’ ಎಂಬ ದ್ವಿರುಕ್ತಿಯೇ ಕಾರಣ. ಮೊದಲ ‘ಮರ’ ನಡುವಿನ ಖಾಲಿ ಜಾಗವನ್ನೂ ನುಂಗಿಬಿಟ್ಟಿತು, ಎರಡನೆಯದಕ್ಕೆ ಹಿಂದೆ ಜಾಗವೇ ಉಳಿಯಲಿಲ್ಲ. ಬೇಗ ಬೇಗ, ಮತ್ತೆ ಮತ್ತೆ ಎಂದು ಬರೆಯುವ ಭಾಷೆಯಲ್ಲಿ ಇದು ದೊಡ್ಡ ಲೋಪ. ನುಂಗದೆ ಇಣುಕಿ ನೋಡುವಂತೆ ಬರೆಯಿರಿ:

/(?<![ಂ-೯])ಮರ(?![ಂ-೯])/

ಕೊನೆಯಲ್ಲಿ ಜಿ ಫ್ಲ್ಯಾಗ್ ಮರೆಯಬೇಡಿ. ಚೌಕ ಆವರಣದಲ್ಲಿ ಇರುವುದು ಅನುಸ್ವಾರದಿಂದ ಕನ್ನಡದ ಒಂಬತ್ತರವರೆಗಿನ ಯೂನಿಕೋಡ್ ಸಾಲು. ಸ್ವರಚಿಹ್ನೆ, ವಿರಾಮ (ಅರ್ಧಾಕ್ಷರದ ಚಿಹ್ನೆ) ಎಲ್ಲವೂ ಅದರೊಳಗಿವೆ. ಹಿಂದೆ ಇಣುಕುವ ಸೌಲಭ್ಯ ಸಫಾರಿ ಬ್ರೌಸರ್‌ಗೆ ಬಂದದ್ದು 2023ರಲ್ಲಿ, 16.4ನೇ ಆವೃತ್ತಿಯಲ್ಲಿ. ಹಳೆಯ ಐಫೋನ್ ಇದ್ದವರಲ್ಲಿ ಪುಟದ ಸ್ಕ್ರಿಪ್ಟೇ ನಿಂತುಹೋಗಬಹುದು.

ಕರಡುನೋಟ

ಒಂದು ಮಾತು ಸೇರಿಸುತ್ತೇನೆ. ಕೆಲವರು ಈ ಸಾಲಿನ ಬದಲು ಯೂನಿಕೋಡ್‌ನ ‘ಲೆಟರ್’ ವರ್ಗ ಮಾತ್ರ ಬಳಸುತ್ತಾರೆ. ಸ್ವರಚಿಹ್ನೆಗಳು ಆ ವರ್ಗದಲ್ಲಿಲ್ಲ, ‘ಮಾರ್ಕ್’ ವರ್ಗದಲ್ಲಿವೆ. ‘ಮರಿ’ಯ ಗುಡಿಸು ಪದದ ಹೊರಗೆ ಬಿದ್ದು ಮತ್ತೆ 5 ಬರುತ್ತದೆ. ಎರಡೂ ವರ್ಗ ಬೇಕು.

‘ರಾಜ್‌ಕುಮಾರ್’ ಎಂದು ಬರೆಯುವಾಗ ‘ಜ್’ ಮತ್ತು ‘ಕು’ ನಡುವೆ ಕಣ್ಣಿಗೆ ಕಾಣದ ಅಕ್ಷರವೊಂದಿರುತ್ತದೆ, ಯೂನಿಕೋಡ್ ಸಂಖ್ಯೆ 200ಸಿ. ಅದು ಕನ್ನಡದ ಸಾಲಿನಲ್ಲಿಲ್ಲ. ಅದನ್ನೂ ಆವರಣಕ್ಕೆ ಸೇರಿಸದಿದ್ದರೆ ‘ಕುಮಾರ್’ ಹುಡುಕಿದಾಗ ರಾಜ್‌ಕುಮಾರ್ ಕೂಡ ಎಣಿಕೆಗೆ ಬರುತ್ತದೆ.

ಶಾಲೆಟೀಚರ್

3 ಬಂತು! ಇಬ್ಬರಿಗೂ ಮನಸಾರೆ ಧನ್ಯವಾದ. ಆದರೆ ಈಗ ‘ಮರದ’, ‘ಮರಕ್ಕೆ’, ‘ಮರವನ್ನು’ ಬಿಟ್ಟುಹೋಗುತ್ತಿವೆ. ವಿದ್ಯಾರ್ಥಿ ವಿಭಕ್ತಿ ಬದಲಿಸಿ ಬರೆದರೂ ಪುನರಾವರ್ತನೆ ಪುನರಾವರ್ತನೆಯೇ ಅಲ್ಲವೇ?

ಕೋಡುಬಳಗ

ಹೌದು. ‘ಮರ’ ಆದಮೇಲೆ (ದ|ದಲ್ಲಿ|ದಿಂದ|ಕ್ಕೆ|ವನ್ನು|ವು)? ಸೇರಿಸಿ, ಕೊನೆಯ ಇಣುಕುನೋಟ ಹಾಗೆಯೇ ಇರಲಿ. ‘ಗಳು’ ಬೇಕಾದರೆ ಅದರ ವಿಭಕ್ತಿ ರೂಪಗಳನ್ನೂ ಬರೆಯಬೇಕು. ‘ಊರು’ ಥರದ ಪದಕ್ಕೆ ಈ ಪಟ್ಟಿ ನಡೆಯುವುದಿಲ್ಲ, ಅದು ‘ಊರಿಗೆ’ ಆಗುತ್ತದೆ. ಪದದ ಕೊನೆಯ ಸ್ವರ ನೋಡಿ ಬೇರೆ ಪಟ್ಟಿ ಮಾಡಿಕೊಳ್ಳಿ. ಆ ವ್ಯಾಕರಣ ನನಗಿಂತ ನಿಮಗೇ ಚೆನ್ನಾಗಿ ಗೊತ್ತು.