ಹೋವರ್ಡ್ ವೆಬ್ ಅವರ ರೆಫರಿ ವೃತ್ತಿಯನ್ನು ಒಂದು ತಪ್ಪಿನಿಂದ ಅಳೆಯಬಹುದೇ?

ಪ್ರಶ್ನೆ

2010ರ ಫುಟ್‌ಬಾಲ್ ವಿಶ್ವಕಪ್ ಫೈನಲ್ ಪಂದ್ಯವನ್ನು ಕಳೆದ ವಾರ ಪೂರ್ತಿಯಾಗಿ ಮತ್ತೊಮ್ಮೆ ನೋಡಿದೆ. ಮೊದಲರ್ಧದಲ್ಲಿ ನೆದರ್‌ಲೆಂಡ್ಸ್‌ನ ನೈಜೆಲ್ ಡಿ ಯಾಂಗ್ ಎತ್ತಿದ ಕಾಲು ಸ್ಪೇನ್‌ನ ಶಾಬಿ ಅಲೊನ್ಸೊ ಅವರ ಎದೆಗೆ ನೇರವಾಗಿ ಬಡಿಯುತ್ತದೆ. ಇಂಗ್ಲೆಂಡಿನ ರೆಫರಿ ಹೋವರ್ಡ್ ವೆಬ್ ತೋರಿಸಿದ್ದು ಎಚ್ಚರಿಕೆಯ ಹಳದಿ ಕಾರ್ಡ್ ಮಾತ್ರ, ಆಟಗಾರನನ್ನು ಹೊರಗಟ್ಟುವ ಕೆಂಪು ಕಾರ್ಡ್ ಅಲ್ಲ. ಅದೇ ವರ್ಷ ಯೂರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ ಫೈನಲನ್ನೂ ನಡೆಸಿಕೊಟ್ಟಿದ್ದ, ಜಗತ್ತಿನ ಅತ್ಯುತ್ತಮರ ಸಾಲಿನಲ್ಲಿದ್ದ ರೆಫರಿಗೆ ಇಷ್ಟು ಸ್ಪಷ್ಟವಾದ ಫೌಲ್ ಕಾಣಲಿಲ್ಲವೆಂದರೆ ಆ ಸ್ಥಾನಕ್ಕೆ ಅವರನ್ನು ಯಾವ ಆಧಾರದ ಮೇಲೆ ಆರಿಸುತ್ತಾರೆ? ಈ ವೃತ್ತಿಯಲ್ಲಿ ಮೇಲೇರುವ ದಾರಿ ಹೇಗಿರುತ್ತದೆ ಎಂಬುದನ್ನು ಬಲ್ಲವರು ದಯವಿಟ್ಟು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ 1

ದಾರಿಯ ಬಗ್ಗೆ ಮೊದಲು ಹೇಳುತ್ತೇನೆ. ವೆಬ್ ಅವರ ತಂದೆಯೂ ರೆಫರಿಯಾಗಿದ್ದರು. ರಾದರ್‌ಹ್ಯಾಮ್ ಊರಿನ ಈ ಮಗ 1989ರಲ್ಲಿ, ಹದಿನೆಂಟರ ಆಸುಪಾಸಿನಲ್ಲಿ, ಸ್ಥಳೀಯ ಪಂದ್ಯಗಳಲ್ಲಿ ಸೀಟಿ ಹಿಡಿದರು. ಇಂಗ್ಲೆಂಡಿನ ಅಗ್ರ ಹಂತದ ಪ್ರೀಮಿಯರ್ ಲೀಗ್‌ನಲ್ಲಿ ರೆಫರಿಯಾಗಿ ಮೊದಲ ಪಂದ್ಯ ಸಿಕ್ಕಿದ್ದು 2003ರ ಅಕ್ಟೋಬರ್‌ನಲ್ಲಿ, ಫುಲ್ಹ್ಯಾಮ್ ಮತ್ತು ವುಲ್ವ್ಸ್ ತಂಡಗಳ ನಡುವೆ. ನಡುವಿನ ಹದಿನಾಲ್ಕು ವರ್ಷಗಳಲ್ಲಿ ಕೆಳಹಂತದ ಲೀಗ್‌ಗಳಲ್ಲಿ ಓಡಿ, ದೊಡ್ಡ ಪಂದ್ಯಗಳಲ್ಲಿ ಬಾವುಟ ಹಿಡಿದು ಗೆರೆಯ ಬದಿಯಲ್ಲಿ ನಿಂತು, ಪ್ರತಿ ಮೆಟ್ಟಿಲಲ್ಲೂ ಪರೀಕ್ಷಕರ ಅಂಕಗಳನ್ನು ಗಳಿಸಿಕೊಂಡೇ ಅವರು ಮೇಲೆ ಬಂದರು. ಹೊಟ್ಟೆಪಾಡಿಗೆ ಸೌತ್ ಯಾರ್ಕ್‌ಷೈರ್ ಪೊಲೀಸ್ ಇಲಾಖೆಯ ಕೆಲಸವಿತ್ತು. ಅಲ್ಲಿ ಅವರು ಸಾರ್ಜೆಂಟ್ ಆಗಿದ್ದರು. ಇಂಗ್ಲೆಂಡಿನಲ್ಲಿ ರೆಫರಿಗಳನ್ನು ಪೂರ್ಣಾವಧಿ ವೃತ್ತಿಪರರನ್ನಾಗಿ ನೇಮಿಸಿಕೊಳ್ಳುವ ವ್ಯವಸ್ಥೆ ಬಂದದ್ದೇ 2001ರಲ್ಲಿ. ಅದಕ್ಕೆ ಮೊದಲು ಅತಿ ದೊಡ್ಡ ಪಂದ್ಯ ನಡೆಸಿದವರೂ ಸೋಮವಾರ ಬೇರೆ ಕೆಲಸಕ್ಕೆ ಹೋಗುತ್ತಿದ್ದರು. 2005ರಲ್ಲಿ ವೆಬ್ ಅವರ ಹೆಸರು ಅಂತಾರಾಷ್ಟ್ರೀಯ ಪಂದ್ಯಗಳ ರೆಫರಿಗಳ ಫಿಫಾ ಪಟ್ಟಿಗೆ ಸೇರಿತು, 2009ರಲ್ಲಿ ಇಂಗ್ಲೆಂಡಿನ ಕ್ಲಬ್‌ಗಳ ಎಫ್‌ಎ ಕಪ್ ಫೈನಲ್ ಸಿಕ್ಕಿತು. ಹೀಗಿರುವಾಗ ವಿಶ್ವಕಪ್ ಫೈನಲ್ ಅವರಿಗೆ ಆಕಸ್ಮಿಕವಾಗಿ ಒಲಿದದ್ದಲ್ಲ.

ಉತ್ತರ 2

ಬೆಂಗಳೂರಿನ ಸ್ಥಳೀಯ ಪಂದ್ಯಗಳಲ್ಲಿ ನಾನು ಕೆಲವು ವರ್ಷ ಸಹಾಯಕ ರೆಫರಿಯಾಗಿದ್ದೆ. ಆ ಅನುಭವದ ಬಲದಿಂದಲೇ ಆ ಹಳದಿ ಕಾರ್ಡ್ ಬಗ್ಗೆ ಬರೆಯುತ್ತಿದ್ದೇನೆ. ಟಿವಿ ಕ್ಯಾಮೆರಾ ನಿಂತ ಕೋನ ಬೇರೆ, ರೆಫರಿ ನಿಂತ ಜಾಗ ಬೇರೆ. ಆ ಕ್ಷಣದಲ್ಲಿ ತಮ್ಮ ನೋಟಕ್ಕೆ ಬೇರೊಬ್ಬ ಆಟಗಾರ ಅಡ್ಡವಾಗಿದ್ದನೆಂದು ವೆಬ್ ಹೇಳಿದ್ದಾರೆ. ಮರುಪ್ರಸಾರದಲ್ಲಿ ನೋಡಿದ ಮೇಲೆ ಅದು ಕೆಂಪು ಕಾರ್ಡಿಗೆ ಅರ್ಹವಾದ ಫೌಲ್ ಎಂದು ಬಹಿರಂಗವಾಗಿ ಒಪ್ಪಿಕೊಂಡೂ ಇದ್ದಾರೆ. ಆದರೆ ಆಟ ಮತ್ತೆ ಆರಂಭವಾದ ಮೇಲೆ ಕೊಟ್ಟ ತೀರ್ಪನ್ನು ಬದಲಿಸಲು ನಿಯಮದಲ್ಲಿ ಅವಕಾಶವಿರಲಿಲ್ಲ, ವಿಎಆರ್ (ವಿಡಿಯೊ ನೋಡಿ ತೀರ್ಪನ್ನು ಪರಿಶೀಲಿಸುವ ವ್ಯವಸ್ಥೆ) ವಿಶ್ವಕಪ್‌ಗೆ ಕಾಲಿಟ್ಟದ್ದು 2018ರಲ್ಲಿ. ಹಾಗಾಗಿ ಅಂದು ಒಂದು ಕ್ಷಣದ ನೋಟವೇ ಅವರ ಪಾಲಿಗೆ ಇದ್ದ ಏಕೈಕ ಸಾಕ್ಷಿ.

ಆ ಪಂದ್ಯ ಎಷ್ಟು ಕಠಿಣವಾಗಿತ್ತೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಒಟ್ಟು 14 ಹಳದಿ ಕಾರ್ಡ್‌ಗಳು ಹೊರಬಂದವು. ಹೆಚ್ಚುವರಿ ಅವಧಿಯಲ್ಲಿ ಡಚ್ ಆಟಗಾರ ಜಾನ್ ಹೈಟಿಂಗಾ ಎರಡನೇ ಹಳದಿ ಪಡೆದು ಹೊರನಡೆದರು. 116ನೇ ನಿಮಿಷದಲ್ಲಿ ಸ್ಪೇನ್‌ನ ಇನಿಯೆಸ್ತಾ ಗೋಲು ಹೊಡೆದ ಬಳಿಕ, ಅದಕ್ಕೆ ಸ್ವಲ್ಪ ಮೊದಲು ತಮಗೆ ಸಿಗಬೇಕಿದ್ದ ಕಾರ್ನರ್ (ಮೈದಾನದ ಮೂಲೆಯಿಂದ ಚೆಂಡು ಒದೆಯುವ ಅವಕಾಶ) ಕೊಡಲಿಲ್ಲವೆಂದು ಡಚ್ಚರು ವೆಬ್ ಅವರನ್ನು ದೂರಿದರು. ಕಾಲಿಗೆ ಕಾಲು ಕೊಟ್ಟು ಬೀಳಿಸುವುದೇ ಒಂದು ತಂತ್ರವಾಗಿಬಿಟ್ಟ ಪಂದ್ಯವನ್ನು 120 ನಿಮಿಷ ಕೈತಪ್ಪದಂತೆ ನಡೆಸಿದ್ದು ನನ್ನ ದೃಷ್ಟಿಯಲ್ಲಿ ಸಣ್ಣ ಕೆಲಸವಲ್ಲ.

ಉತ್ತರ 3

ಎರಡನೇ ಉತ್ತರವನ್ನು ಗೌರವದಿಂದ ಓದಿದೆ, ಆದರೂ ಡಿ ಯಾಂಗ್ ಹೊರಹೋಗಿದ್ದರೆ ಪಂದ್ಯದ ಬಹುಪಾಲನ್ನು ನೆದರ್‌ಲೆಂಡ್ಸ್ ಹತ್ತೇ ಜನರೊಡನೆ ಆಡಬೇಕಾಗುತ್ತಿತ್ತು ಎಂಬುದನ್ನು ಮರೆಯಲಾಗದು. ಸ್ಪೇನ್ ಸೋತಿದ್ದರೆ ನಾವು ಇಷ್ಟು ಸಮಾಧಾನದಿಂದ ಮಾತನಾಡುತ್ತಿರಲಿಲ್ಲವೇನೋ.

ಸರಿಯಾದ ತೀರ್ಪಿಗೂ ಬೆಲೆ ತೆರಬೇಕಾಗುತ್ತದೆ ಎಂಬುದು ಈ ವೃತ್ತಿಯ ಇನ್ನೊಂದು ಮುಖ. 2008ರಲ್ಲಿ ಯೂರೋಪಿನ ದೇಶಗಳ ಯೂರೊ ಟೂರ್ನಿಯಲ್ಲಿ, ವಿಯೆನ್ನಾದಲ್ಲಿ, ಪೋಲೆಂಡ್ ಆಟಗಾರನೊಬ್ಬ ಎದುರಾಳಿಯ ಅಂಗಿ ಹಿಡಿದೆಳೆದದ್ದಕ್ಕೆ ವೆಬ್ ಕೊನೆಯ ಗಳಿಗೆಯಲ್ಲಿ ಆಸ್ಟ್ರಿಯಾಗೆ ಪೆನಾಲ್ಟಿ ಕೊಟ್ಟರು, ಪಂದ್ಯ 1-1ರಲ್ಲಿ ಮುಗಿಯಿತು. ಅದೇ ಪಂದ್ಯದಲ್ಲಿ ಪೋಲೆಂಡಿಗೆ ಸಿಕ್ಕಿದ್ದ ಗೋಲು ಆಫ್‌ಸೈಡ್ (ಚೆಂಡು ಬರುವಾಗ ಆಟಗಾರ ಎದುರಾಳಿ ರಕ್ಷಕರಿಗಿಂತ ಮುಂದೆ ನಿಂತಿರುವ ತಪ್ಪು) ಆಗಿದ್ದರೂ ಅದರ ಬಗ್ಗೆ ಕೂಗೆದ್ದದ್ದು ಕಡಿಮೆ. ಪೋಲೆಂಡಿನ ಆಗಿನ ಪ್ರಧಾನಿ ಡೊನಾಲ್ಡ್ ಟಸ್ಕ್ ಅವರೇ ತಮಗೆ ಆ ರಾತ್ರಿ ಕೊಲ್ಲುವಷ್ಟು ಸಿಟ್ಟು ಬಂದಿತ್ತೆಂಬರ್ಥದ ಮಾತನ್ನಾಡಿದರು. ವೆಬ್ ಅವರಿಗೆ ಕೊಲೆ ಬೆದರಿಕೆಗಳು ಬಂದವು. ಎರಡು ವರ್ಷದ ಬಳಿಕ ಅದೇ ಮನುಷ್ಯ ಜೊಹಾನ್ಸ್‌ಬರ್ಗ್‌ನ ಮೈದಾನಕ್ಕೆ ಆ ವಿಶ್ವಕಪ್ ಫೈನಲ್ ನಡೆಸಲು ಇಳಿದದ್ದನ್ನು ನೆನೆದಾಗ ನನಗೆ ನಿಜಕ್ಕೂ ಗೌರವ ಮೂಡುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಅವರು ಮೈದಾನದಿಂದ 2014ರಲ್ಲಿ ನಿವೃತ್ತರಾದರೆಂದು ಗೊತ್ತು. ಆಮೇಲೆ ಏನು ಮಾಡುತ್ತಿದ್ದಾರೆ?

ಉತ್ತರ 1 ಬರೆದವರಿಂದ

ಅಮೆರಿಕದಲ್ಲಿ ವಿಎಆರ್ ವ್ಯವಸ್ಥೆಯನ್ನು ಕಟ್ಟಲು ಕೆಲವು ವರ್ಷ ದುಡಿದು, 2022ರಲ್ಲಿ ಇಂಗ್ಲೆಂಡಿನ ವೃತ್ತಿಪರ ರೆಫರಿಗಳ ಮುಖ್ಯಸ್ಥರಾಗಿ ಮರಳಿದರು. 2023ರ ಸೆಪ್ಟೆಂಬರ್ 30ರಂದು ಟಾಟನ್‌ಹ್ಯಾಮ್ ವಿರುದ್ಧ ಲಿವರ್‌ಪೂಲ್‌ನ ಲೂಯಿಸ್ ಡಿಯಾಸ್ ಹೊಡೆದ ನ್ಯಾಯವಾದ ಗೋಲನ್ನು ಆಫ್‌ಸೈಡ್ ಎಂದು ತಳ್ಳಿಹಾಕಲಾಯಿತು. ಮೈದಾನದಲ್ಲಿ ಗೋಲು ಎಂದೇ ತೀರ್ಪಾಗಿದೆಯೆಂದು ವಿಎಆರ್ ಕೊಠಡಿಯವರು ತಪ್ಪು ತಿಳಿದು ಪರಿಶೀಲನೆ ಮುಗಿಸಿಬಿಟ್ಟರು. ತಪ್ಪು ಅರಿವಾಗುವಷ್ಟರಲ್ಲಿ ಆಟ ಮತ್ತೆ ಶುರುವಾಗಿತ್ತು. ಡಿ ಯಾಂಗ್ ಪ್ರಸಂಗದಲ್ಲಿ ವೆಬ್ ಅವರ ಕೈಕಟ್ಟಿದ್ದ ನಿಯಮವೇ ಇಲ್ಲಿಯೂ ಅಡ್ಡಬಂತು. ಈ ಬಾರಿ ಆ ಕೊಠಡಿಯ ಸಂಭಾಷಣೆಯ ಧ್ವನಿಮುದ್ರಣವನ್ನು ಕೆಲವೇ ದಿನಗಳಲ್ಲಿ ಎಲ್ಲರೂ ಕೇಳುವಂತೆ ಬಿಡುಗಡೆ ಮಾಡಲಾಯಿತು.